ಮಕ್ಕಳು ಊರಿನ ನೀರಲ್ಲಿ ಫ್ಲೋರೈಡ್ ಅಳೆಯಬೇಕು ಅಂತಿದ್ದಾರೆ: ಸರಿಯಾಗಿ ಮಾಡಿಸೋದು ಹೇಗೆ?

ಪಾವಗಡದ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಕಡೆ ನೀರಲ್ಲಿ ಫ್ಲೋರೈಡ್ (ಬಂಡೆಯಿಂದ ನೀರಿಗೆ ಕರಗಿ ಬರುವ, ಜಾಸ್ತಿಯಾದರೆ ಹಲ್ಲಿಗೆ ಕಲೆ ತರುವ ಅಂಶ) ಜಾಸ್ತಿ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ನಮ್ಮೂರಿನ ಯಾವ ಬೋರಿನಲ್ಲಿ ಎಷ್ಟಿದೆ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ.

ಹೋದ ವಾರ ಎಂಟನೇ ಕ್ಲಾಸಿನಲ್ಲಿ ಈ ಮಾತು ಬಂದಾಗ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ನಮ್ಮಕ್ಕನ ಹಲ್ಲೆಲ್ಲ ಕಂದು ಬಣ್ಣ. ನನ್ನ ಹಲ್ಲು ಬೆಳ್ಳಗಿದೆ. ಇಬ್ಬರೂ ಒಂದೇ ಬೋರಿನ ನೀರು ಕುಡಿಯೋದು. ಯಾಕೆ ಸಾರ್?" ಅಂದಳು. "ಗೊತ್ತಿಲ್ಲಮ್ಮ, ಹುಡುಕೋಣ" ಅಂದೆ. ಆವತ್ತಿಂದ ಮಕ್ಕಳು ಬಿಡುತ್ತಿಲ್ಲ. ಊರಿನ ಎಲ್ಲ ಬೋರುಗಳ ನೀರನ್ನೂ ನಾವೇ ಅಳೆಯುತ್ತೇವೆ ಅಂತ ಹಟ ಹಿಡಿದಿದ್ದಾರೆ.

ನನಗೆ ಮೂರು ಚಿಂತೆ. ಅಳೆಯೋದು ಹೇಗೆ? ಮಕ್ಕಳು ಅಳೆದ ಲೆಕ್ಕಕ್ಕೆ ಬೆಲೆ ಬರುವ ಹಾಗೆ ಮಾಡೋದು ಹೇಗೆ? ನಾಳೆ ಲೆಕ್ಕ ಜಾಸ್ತಿ ಬಂದರೆ ಊರಿಗೆ ಹೇಳೋದು ಹೇಗೆ? ಜೊತೆಗೆ ಇನ್ನೊಂದು. ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬರುತ್ತಿದೆ. "ಲೈಟು ಹತ್ತೋ ಹಾಗೆ ಒಂದು ಮಾಡೆಲ್ ಮಾಡಿಸಿ, ಬಹುಮಾನ ಬರುತ್ತೆ" ಅಂತ ನಮ್ಮ ಹೆಡ್ ಮಾಸ್ಟರ್ ಹೇಳುತ್ತಿದ್ದಾರೆ. ಅವರು ಒಳ್ಳೆಯವರೇ, ಶಾಲೆಗೆ ಹೆಸರು ಬರಲಿ ಅನ್ನೋದು ಅವರ ಆಸೆ. ಅವರನ್ನು ಒಪ್ಪಿಸೋದು ಹೇಗೆ?

ಶಿರಾ ಹುಡುಗ:

ಸರ್, ತುಂಬ ಒಳ್ಳೆಯ ಕೆಲಸ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಆನ್‌ಲೈನಿನಲ್ಲಿ ಟಿಡಿಎಸ್ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಪೆನ್ ಥರ ಇರುತ್ತದೆ, ನೀರಿಗೆ ಅದ್ದಿದರೆ ನಂಬರ್ ಬರುತ್ತದೆ. ಬೇಕಾದರೆ ನಾನೇ ಎರಡು ಕಳಿಸುತ್ತೇನೆ. ಮಕ್ಕಳು ಮೊಬೈಲಿನಲ್ಲಿ ಪ್ರತಿ ಬೋರಿನ ಜಾಗ ಗುರುತು ಹಾಕಿಕೊಂಡು ಬಂದರೆ, ಊರಿನ ಮ್ಯಾಪ್ ಮೇಲೆ ಕೂರಿಸಿ ಕೊಡುವ ಕೆಲಸ ನನ್ನದು.

ಮಧುಗಿರಿ ಕೆಮಿಸ್ಟ್ರಿ ಮೇಡಂ:

ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ನಾನು ಬಾಗೇಪಲ್ಲಿ ಕಡೆ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು. ಅಲ್ಲೂ ಇದೇ ನೀರು, ಇದೇ ಹಲ್ಲು. ಫ್ಲೋರೈಡ್ ಬಗ್ಗೆ ಪಾಠ ಬಂದಾಗ ಮುಂದಿನ ಬೆಂಚಿನ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಪುರುಸೊತ್ತಾದಾಗ ಓದಿ.

ಮೊದಲು ಮೀಟರ್ ವಿಷಯ. ಶಿರಾದವರೇ, ನಿಮ್ಮ ಮನಸ್ಸು ದೊಡ್ಡದು, ಆದರೆ ಟಿಡಿಎಸ್ ಮೀಟರ್ ಈ ಕೆಲಸಕ್ಕೆ ಆಗುವುದಿಲ್ಲ. ನೀರಲ್ಲಿ ಕರಗಿದ ಲವಣ ಎಲ್ಲ ಸೇರಿ ಎಷ್ಟು ವಿದ್ಯುತ್ ಹರಿಯಲು ಬಿಡುತ್ತವೆ ಅನ್ನೋದನ್ನಷ್ಟೇ ಅದು ನೋಡುತ್ತದೆ. ಚೀಲದ ತೂಕ ನೋಡಿ ಒಳಗಿರೋದು ರಾಗಿನೋ ಜೋಳನೋ ಹೇಳಲು ಬರುತ್ತದೆಯೇ? ಟಿಡಿಎಸ್ 600 ತೋರಿಸುವ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಫ್ಲೋರೈಡ್ ಇರಬಹುದು, 3 ಮಿಲಿಗ್ರಾಂ ಕೂಡ ಇರಬಹುದು. ಮೀಟರಿಗೆ ಎರಡೂ ಒಂದೇ. ಇದನ್ನು ಒತ್ತಿ ಹೇಳಲು ಕಾರಣವಿದೆ. ಊರೂರಲ್ಲಿ ಈ ಪೆನ್ನು ಅದ್ದಿ ತೋರಿಸಿ "ನಿಮ್ಮ ನೀರು ಚೆನ್ನಾಗಿದೆ" ಅಂತಲೋ "ವಿಷ" ಅಂತಲೋ ಹೇಳಿ ಹೋಗುವವರಿದ್ದಾರೆ. ನಿಮ್ಮ ಮಕ್ಕಳಿಗೆ ಈ ಒಂದು ವ್ಯತ್ಯಾಸ ತಿಳಿದರೆ ಮನೆಯವರೆಲ್ಲ ಮೋಸ ಹೋಗುವುದು ತಪ್ಪುತ್ತದೆ.

ನೀವು ತರಿಸಬೇಕಾದದ್ದು ಫ್ಲೋರೈಡ್ ಕಿಟ್. ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಇದ್ದೀತು, ಕೇಳಿ. ತರಬೇತಿ ಪಡೆದ ಹೆಣ್ಣುಮಕ್ಕಳೂ ಊರಲ್ಲಿ ಇರುತ್ತಾರೆ. ಅಳತೆ ಮಾಡಿದ ನೀರಿಗೆ ಇಷ್ಟು ಹನಿ ದ್ರಾವಣ ಹಾಕಬೇಕು, ಬಣ್ಣ ಬರುತ್ತದೆ. ಸಾಮಾನ್ಯವಾಗಿ ಫ್ಲೋರೈಡ್ ಇಲ್ಲದಿದ್ದರೆ ಕೆಂಪು ಗುಲಾಬಿ, ಜಾಸ್ತಿಯಾದಷ್ಟೂ ಹಳದಿ ಕಡೆಗೆ. ಆ ಬಣ್ಣವನ್ನು ಕಾರ್ಡಿನ ಮೇಲಿನ ಬಣ್ಣಕ್ಕೆ ಹೋಲಿಸಿ ನಂಬರ್ ಓದಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ. ಬೇರೆ ನೀರೇ ಸಿಗದಿದ್ದರೆ 1.5ರ ತನಕ ಬಿಡುತ್ತಾರೆ. ಮಕ್ಕಳು ಈ ಎರಡು ಅಂಕಿ ನೆನಪಿಟ್ಟುಕೊಂಡರೆ ಸಾಕು.

ನೀರು ಹಿಡಿಯುವುದರಲ್ಲೇ ಅರ್ಧ ಕೆಲಸ ಇದೆ. ಗಾಜಿನ ಬಾಟಲಿ ಬೇಡ, ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ. ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಮೋಟಾರ್ ಹಾಕಿದ ತಕ್ಷಣ ಬರುವ ನೀರು ಪೈಪಿನಲ್ಲಿ ನಿಂತಿದ್ದ ನೀರು. ಅದು ಹೋಗಲಿ, ಸ್ವಲ್ಪ ಹೊತ್ತು ಬಿಟ್ಟು ಹಿಡಿಯಿರಿ. ಅದೇ ನೀರಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ಆಮೇಲೆ ತುಂಬಿಸಿ. ಅಲ್ಲೇ ನಿಂತು ಚೀಟಿ ಬರೆಯಬೇಕು: ಯಾವ ಬೋರು, ಯಾವ ದಿನ, ಎಷ್ಟು ಹೊತ್ತಿಗೆ, ಹಿಡಿದವರು ಯಾರು. ಬೋರು ಎಷ್ಟು ಅಡಿ ಅಂತ ಮಾಲೀಕರನ್ನು ಕೇಳಿ. ನಮ್ಮ ಸೀಮೆಯ ರೈತನಿಗೆ ತನ್ನ ಬೋರಿನ ಆಳ ಮಗನ ವಯಸ್ಸಿಗಿಂತ ಚೆನ್ನಾಗಿ ನೆನಪಿರುತ್ತದೆ. ಆಳ ಯಾಕೆ ಮುಖ್ಯ ಅಂದರೆ, ಫ್ಲೋರೈಡ್ ಬರುವುದು ನಮ್ಮ ಕೆಳಗಿರುವ ಗ್ರಾನೈಟ್ ಥರದ ಬಂಡೆಯಿಂದ. ನೀರು ಬಂಡೆಯ ಬಿರುಕಿನಲ್ಲಿ ಎಷ್ಟು ಕಾಲ ಕೂತಿತ್ತೋ ಅಷ್ಟು ಕರಗಿಸಿಕೊಳ್ಳುತ್ತದೆ. ಹಾಗಂತ ಆಳ ಹೆಚ್ಚಿದ್ದಲ್ಲೆಲ್ಲ ಫ್ಲೋರೈಡ್ ಹೆಚ್ಚು ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಬೇಡಿ. ಅಳೆದು ಅವರೇ ನೋಡಲಿ. ನಿಮ್ಮೂರಲ್ಲಿ ಬೇರೆ ಥರ ಇದ್ದರೂ ಇರಬಹುದು.

ಈಗ ಬೆಲೆ ಬರುವ ಮಾತು. ಬಣ್ಣ ನೋಡಿ ಓದುವಾಗ ನಮ್ಮ ಮನಸ್ಸು ಕಣ್ಣನ್ನು ಎಳೆಯುತ್ತದೆ. "ಇದು ಆಂಜನೇಯನ ಗುಡಿ ಬೋರು, ಸಿಹಿ ನೀರು" ಅಂತ ಗೊತ್ತಿದ್ದರೆ ಕಡಿಮೆ ಬಣ್ಣವೇ ಕಾಣುತ್ತದೆ. ಅದಕ್ಕೆ ಬಾಟಲಿ ತಂದ ಮಕ್ಕಳು ಬೇರೆ, ಓದುವ ಮಕ್ಕಳು ಬೇರೆ ಇರಲಿ. ಬಾಟಲಿ ಮೇಲೆ ಅ, ಆ, ಇ, ಈ ಅಂತಷ್ಟೇ ಬರೆಯಿರಿ. ಯಾವುದು ಯಾವ ಬೋರು ಅನ್ನುವ ಪಟ್ಟಿ ನಿಮ್ಮ ಬೀರುವಿನಲ್ಲಿರಲಿ. ಪ್ರತಿ ಬಾಟಲಿಯನ್ನೂ ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಓದಿ, ಒಬ್ಬರಿಗೊಬ್ಬರು ಹೇಳದೆ ಬರೆಯಬೇಕು. ಒಬ್ಬ 1.5 ಅಂದು ಇನ್ನೊಬ್ಬಳು 2 ಅಂದರೆ ಜಗಳ ಬಿಡಿಸಬೇಡಿ, ಎರಡನ್ನೂ ಬರೆಸಿ. "1.5ರಿಂದ 2ರ ನಡುವೆ" ಅನ್ನೋದೇ ಅವರ ಉತ್ತರ. ನಮ್ಮ ಅಳತೆ ಎಷ್ಟರಮಟ್ಟಿಗೆ ಸರಿ ಅಂತ ನಾವೇ ಹೇಳಿಕೊಳ್ಳುವುದನ್ನು ಎಂಟನೇ ಕ್ಲಾಸಿನಲ್ಲಿ ಕಲಿತರೆ, ಅದಕ್ಕಿಂತ ದೊಡ್ಡ ಪಾಠವನ್ನು ನಾನು ಪಿಯುಸಿಯಲ್ಲೂ ಕಲಿಸಿಲ್ಲ.

ಜೊತೆಗೆ ಎರಡು ಗುಟ್ಟಿನ ಬಾಟಲಿ ಸೇರಿಸಿ. ಒಂದರಲ್ಲಿ ಡಿಸ್ಟಿಲ್ಡ್ ವಾಟರ್, ಅದರಲ್ಲಿ ಸೊನ್ನೆ ಬರಬೇಕು. ಇನ್ನೊಂದರಲ್ಲಿ ಇಷ್ಟೇ ಫ್ಲೋರೈಡ್ ಇದೆ ಅಂತ ಮೊದಲೇ ಗೊತ್ತಿರುವ ನೀರು. ಸೋಡಿಯಂ ಫ್ಲೋರೈಡ್ 221 ಮಿಲಿಗ್ರಾಂ ತೂಗಿ ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದರೆ, ಅದರಲ್ಲಿ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಅದರಿಂದ 10 ಎಂಎಲ್ ತೆಗೆದು ಮತ್ತೆ ಒಂದು ಲೀಟರ್ ಮಾಡಿದರೆ ಸರಿಯಾಗಿ 1 ಮಿಲಿಗ್ರಾಂ. ಇದನ್ನು ಮಕ್ಕಳ ಕೈಯಲ್ಲಿ ಮಾಡಿಸಬೇಡಿ, ಆ ಪುಡಿ ವಿಷ. ಕಾಲೇಜಿನ ಲ್ಯಾಬಿನಲ್ಲಿ ಮಾಡಿಸಿಕೊಳ್ಳಬೇಕು. ಮಕ್ಕಳು ಗೊತ್ತಿಲ್ಲದೆ ಓದಿ ಆ ಬಾಟಲಿಗೆ 1ರ ಹತ್ತಿರ ಹೇಳಿದರೆ, ಉಳಿದ ಲೆಕ್ಕವನ್ನು ಯಾರೇ ಪ್ರಶ್ನಿಸಿದರೂ ನೀವು ಧೈರ್ಯವಾಗಿ ಎದುರು ನಿಲ್ಲಬಹುದು. ಇಷ್ಟಾದ ಮೇಲೂ ಕೆಲವು ಬಾಟಲಿಗಳನ್ನು ತುಮಕೂರಿನ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ, ತಾಳೆ ನೋಡಿ.

ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆಯಲಿ. ತಪ್ಪಾದರೆ ರಬ್ಬರ್ ಇಲ್ಲ, ವೈಟ್ನರ್ ಇಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಲಿ. ನಮ್ಮ ಶಾಲೆಗಳಲ್ಲಿ ಅಂದವಾದ ರೆಕಾರ್ಡಿಗೆ ಮಾರ್ಕ್ಸು ಕೊಟ್ಟು ಕೊಟ್ಟು, ಮಕ್ಕಳು ಪ್ರಯೋಗ ಮಾಡುವ ಮೊದಲೇ ಉತ್ತರ ಬರೆದಿಡುವ ಹಾಗೆ ಮಾಡಿಬಿಟ್ಟಿದ್ದೇವೆ. ನನಗೆ ಇದರಷ್ಟು ನೋವು ಕೊಡುವ ವಿಷಯ ಬೇರೆ ಇಲ್ಲ.

ಇನ್ನು ಅಕ್ಕತಂಗಿಯ ಪ್ರಶ್ನೆ. ಇದಕ್ಕೊಂದು ಚರಿತ್ರೆಯೇ ಇದೆ, ಮಕ್ಕಳಿಗೆ ಹೇಳಿ. 1901ರಲ್ಲಿ ಫ್ರೆಡರಿಕ್ ಮೆಕೇ ಅನ್ನುವ ಹೊಸ ಹಲ್ಲಿನ ಡಾಕ್ಟರ್ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ. ಊರಿನ ಜನರ ಹಲ್ಲಲ್ಲಿ ಕಂದು ಕಲೆ. ಯಾಕೆ ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನು ಬಿಡಲಿಲ್ಲ. ಹುಡುಕುತ್ತ ಹೋದಾಗ ಒಂದು ವಿಷಯ ಸಿಕ್ಕಿತು. ಚಿಕ್ಕಂದಿನಿಂದ ಅಲ್ಲಿದ್ದವರಿಗೇ ಕಲೆ. ದೊಡ್ಡವರಾದ ಮೇಲೆ ಬಂದವರಿಗೆ ಇಲ್ಲ. 1923ರಲ್ಲಿ ಐಡಾಹೋದ ಓಕ್ಲೆ ಅನ್ನುವ ಊರಿಗೆ ಹೋದ. ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪ್ ಹಾಕಿದ ಮೇಲೆ ಮಕ್ಕಳ ಹಲ್ಲು ಹೀಗಾಯಿತು ಅಂತ ಅಪ್ಪ ಅಮ್ಮಂದಿರು ಹೇಳಿದರು. ನೀರು ಪರೀಕ್ಷೆ ಮಾಡಿಸಿದ, ಏನೂ ಸಿಗಲಿಲ್ಲ. ಆದರೂ ಆ ಪೈಪ್ ಬಿಟ್ಟು ಬೇರೆ ಬುಗ್ಗೆಯ ನೀರು ತಗೊಳ್ಳಿ ಅಂದ. ಕೆಲವೇ ವರ್ಷಗಳಲ್ಲಿ ಸಣ್ಣ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು. ಕಾರಣ ಫ್ಲೋರೈಡ್ ಅಂತ ಗೊತ್ತಾದದ್ದು 1931ರಲ್ಲಿ. ಒಂದು ಅಲ್ಯೂಮಿನಿಯಂ ಕಂಪನಿಯ ಕೆಮಿಸ್ಟ್ ಚರ್ಚಿಲ್ ಅದನ್ನು ಕಂಡುಹಿಡಿದ. ಅಂದರೆ ಒಂದು ಪ್ರಶ್ನೆಗೆ ಉತ್ತರ ಸಿಗಲು ಮೂವತ್ತು ವರ್ಷ. ಅದರ ನಡುವೆ ದೊಡ್ಡ ಸುಳಿವು ಕೊಟ್ಟವರು ಲ್ಯಾಬಿನವರಲ್ಲ, ತಮ್ಮ ಮಕ್ಕಳ ಬಾಯಿ ನೋಡಿದ ಅಪ್ಪ ಅಮ್ಮಂದಿರು. ನಮ್ಮ ಹತ್ತಿರವೇ ಹೇಳಬೇಕು ಅಂದರೆ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಜಾಸ್ತಿಯಾಗಿ ಬರುವ ಕಾಯಿಲೆ ಇದೆ ಅಂತ ವೈದ್ಯರು ವರದಿ ಬರೆದದ್ದು 1937ರಲ್ಲಿ.

ಯಾಕೆ ಚಿಕ್ಕಂದಿನಲ್ಲೇ ಅಂದರೆ, ಶಾಶ್ವತ ಹಲ್ಲಿನ ಮೇಲ್ಪದರ ದವಡೆಯ ಒಳಗೆ ತಯಾರಾಗುವುದು ಸುಮಾರು ಎಂಟು ವರ್ಷದೊಳಗೆ. ಆಗ ಕುಡಿದ ನೀರಿನ ಗುರುತು ಅದರಲ್ಲಿ ಉಳಿಯುತ್ತದೆ. ಹಾಗಾಗಿ ಈಗ ಯಾವ ನೀರು ಕುಡಿಯುತ್ತೀರಿ ಅಂತ ಕೇಳಿದರೆ ಸಾಲದು. ಎಂಟು ವರ್ಷದ ತನಕ ಎಲ್ಲಿದ್ದೆ, ಯಾವ ನೀರು ಕುಡಿದೆ ಅಂತ ಕೇಳಬೇಕು. ಆ ಹುಡುಗಿಗೆ ಉತ್ತರ ಹೇಳಬೇಡಿ ಮೇಷ್ಟ್ರೇ. ಈ ಪ್ರಶ್ನೆಯನ್ನು ಅವಳ ಕೈಗೆ ಕೊಟ್ಟು ಮನೆಗೆ ಕಳಿಸಿ.

ಹೆಡ್ ಮಾಸ್ಟರಿಗೆ ಹೇಳಲು ಒಂದು ದಾರಿ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇದೆಯಲ್ಲ, 10ರಿಂದ 17 ವರ್ಷದ ಮಕ್ಕಳಿಗೆ. ಅಲ್ಲಿ ಮಾಡೆಲ್ ಕೇಳುವುದಿಲ್ಲ. ಊರಿನದೇ ಒಂದು ಸಮಸ್ಯೆ ತಗೊಂಡು ಮಕ್ಕಳೇ ಅಧ್ಯಯನ ಮಾಡಿರಬೇಕು, ದಿನದಿನದ ನೋಟ್‌ಬುಕ್ ಇರಬೇಕು, ಕನ್ನಡದಲ್ಲೇ ಮಂಡಿಸಬಹುದು. ನಿಮ್ಮ ಕೆಲಸ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಹುಮಾನದ ಆಸೆಯೂ ತೀರುತ್ತದೆ. ಆದರೆ ಬಹುಮಾನ ಬರದಿದ್ದರೂ ಈ ಕೆಲಸ ನಿಲ್ಲಬಾರದು ಅಂತ ಮಕ್ಕಳಿಗೆ ಮೊದಲ ದಿನವೇ ಹೇಳಿಡಿ.

ಸಂಘದ ಅಕ್ಕ:

ನಾನು ಕೊರಟಗೆರೆ ಕಡೆಯವಳು. ನಮ್ಮ ಸ್ವಸಹಾಯ ಸಂಘದಿಂದ ನಮಗೂ ಕಿಟ್ಟಿನ ತರಬೇತಿ ಕೊಟ್ಟಿದ್ದಾರೆ. ಮೇಡಂ ಹೇಳಿದ್ದೆಲ್ಲ ಸರಿ, ಕೈಯಲ್ಲಿ ಮಾಡುವಾಗಿನ ಕೆಲವು ಮಾತು ಸೇರಿಸುತ್ತೇನೆ.

ಕಿಟ್ ಪೆಟ್ಟಿಗೆಯ ಮೇಲೆ ದ್ರಾವಣದ ಅವಧಿ ಮುಗಿಯುವ ತಾರೀಕು ಇರುತ್ತದೆ, ಮೊದಲು ಅದನ್ನು ನೋಡಿ. ಬಿಸಿಲಲ್ಲಿ ಇಟ್ಟಿದ್ದ ದ್ರಾವಣ ನಂಬಬೇಡಿ. ಬಣ್ಣ ನೋಡುವುದು ಬಾಗಿಲ ಬಳಿ ನೆರಳಲ್ಲಿ, ಹಿಂದೆ ಬಿಳಿ ಹಾಳೆ ಹಿಡಿದು. ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಬೇರೆ ಥರ ಕಾಣುತ್ತದೆ. ಹನಿ ಹಾಕುವಾಗ ಡ್ರಾಪರ್ ನೆಟ್ಟಗಿರಲಿ, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ನಲ್ಲಿ ನೀರಿಗೆ ಅದೇ ತಾನೇ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಆವತ್ತು ಅದನ್ನು ಅಳೆಯಬೇಡಿ ಅಂತ ನಮಗೆ ಹೇಳಿಕೊಟ್ಟಿದ್ದಾರೆ, ಬಣ್ಣ ಕೆಡುತ್ತದೆ.

ಇನ್ನೊಂದು ಮುಖ್ಯವಾದ ಮಾತು. ಹಲ್ಲು ನೋಡುವಾಗ ಜೋಪಾನ. ನಮ್ಮೂರಲ್ಲಿ ನೀರು ಪರೀಕ್ಷೆಗೆ ಯಾರೂ ಬೇಡ ಅನ್ನಲಿಲ್ಲ, ಹಲ್ಲಿನ ವಿಷಯ ಬಂದಾಗ ತಾಯಂದಿರು ಬಾಗಿಲು ಹಾಕಿಕೊಂಡರು. ಮದುವೆಗೆ ಬಂದ ಹುಡುಗಿಯರಿದ್ದಾರೆ. "ಫ್ಲೋರೈಡ್ ಊರು" ಅಂತ ಹೆಸರು ಬಿದ್ದರೆ ಸಂಬಂಧ ತಪ್ಪುತ್ತದೆ ಅನ್ನುವ ಭಯ. ಅದು ಸುಮ್ನೆ ಭಯವಲ್ಲ, ನಡೆದಿದೆ. ಹೆಸರು ಬರೆಯಬೇಡಿ, ಫೋಟೋ ಅಂತೂ ಬೇಡವೇ ಬೇಡ. ಮನೆಯವರು ಒಪ್ಪಿದರೆ ಮಾತ್ರ ನೋಡಿ.

ಮತ್ತೆ, ಕುಡಿಯಲು ಯಾವ ನೀರು ಅಂತ ಮಾತ್ರ ಕೇಳಬೇಡಿ, ಅಡುಗೆಗೆ ಯಾವುದು ಅಂತಲೂ ಕೇಳಿ. ನಮ್ಮಲ್ಲಿ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವುದು ಕುಡಿಯಲು ಮಾತ್ರ. ಅನ್ನ, ಸಾರು, ಮುದ್ದೆಗೆ ಬೋರಿನ ನೀರೇ. ಅನ್ನ ಕುಡಿದ ನೀರು ನಾವು ಕುಡಿದಂತೆಯೇ ಅಲ್ವಾ?

ಹಲ್ಲಿನ ಡಾಕ್ಟರ್, ದಾವಣಗೆರೆ:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಅಡುಗೆ ನೀರಿನ ಲೆಕ್ಕವನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಪ್ರಮಾಣ ಜಾಸ್ತಿಯೇ ಆಗುತ್ತದೆ. ಇದನ್ನು ಮಕ್ಕಳು ಕಿಟ್ಟಿನಲ್ಲೇ ಪರೀಕ್ಷೆ ಮಾಡಬಹುದು: ಅದೇ ನೀರು, ಅರ್ಧಕ್ಕೆ ಇಂಗುವ ತನಕ ಕುದಿಸಿ, ಮೊದಲು ಮತ್ತು ಆಮೇಲೆ ಅಳೆಯಿರಿ.

"ಹಾಗಾದರೆ ಪೇಸ್ಟಿನಲ್ಲಿ ಫ್ಲೋರೈಡ್ ಯಾಕೆ ಹಾಕುತ್ತಾರೆ" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸ್ವಲ್ಪ ಪ್ರಮಾಣದಲ್ಲಿ ಹಲ್ಲಿನ ಮೇಲೆ ತಾಗಿದರೆ ಹುಳುಕು ತಡೆಯುತ್ತದೆ. ಪೇಸ್ಟನ್ನು ನುಂಗುವುದಿಲ್ಲ, ಉಗಿಯುತ್ತೇವೆ. ವರ್ಷಗಟ್ಟಲೆ ಹೆಚ್ಚು ಪ್ರಮಾಣ ಹೊಟ್ಟೆಗೆ ಹೋದರೆ ತೊಂದರೆ. ಹಲ್ಲಿನ ಕಲೆ ಎಲ್ಲ ಫ್ಲೋರೈಡಿನದೇ ಅಂತಲೂ ಅಂದುಕೊಳ್ಳಬೇಡಿ. ಎಲೆ ಅಡಿಕೆ, ತಂಬಾಕಿನ ಕಲೆ ಬೇರೆ, ಅದು ಮೇಲೆ ಕೂತಿರುತ್ತದೆ. ಫ್ಲೋರೈಡಿನದು ಎಡ ಬಲ ಎರಡೂ ಪಕ್ಕದ ಹಲ್ಲುಗಳಲ್ಲಿ ಜೋಡಿಯಾಗಿ, ಅಡ್ಡ ಗೆರೆಯ ಹಾಗೆ, ಸೀಮೆಸುಣ್ಣದ ಬಿಳಿಯಿಂದ ಕಂದಿನ ತನಕ ಇರುತ್ತದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರನ್ನು ಒಂದು ದಿನ ಶಾಲೆಗೆ ಕರೆಯಿರಿ. ನೋಡುವ ಕೆಲಸ ಅವರೇ ಮಾಡಲಿ.

ಪಾವಗಡದ ಮೇಷ್ಟ್ರು:

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಹುಡುಗಿಯನ್ನು ಮನೆಗೆ ಕಳಿಸಿದೆ. ಮಾರನೇ ದಿನ ಪ್ರಾರ್ಥನೆಗೂ ಮೊದಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಇವಳು ಹುಟ್ಟಿದ ಮೇಲೆ ಅಮ್ಮನಿಗೆ ಹುಷಾರಿಲ್ಲದೆ, ಇವಳನ್ನು ತರೀಕೆರೆ ಹತ್ತಿರ ಅಜ್ಜಿ ಮನೆಯಲ್ಲಿ ಬಿಟ್ಟಿದ್ದರಂತೆ. ಒಂದನೇ ಕ್ಲಾಸಿಗೆ ಊರಿಗೆ ಬಂದದ್ದು. ಅಲ್ಲಿ ತೋಟದ ಬಾವಿಯ ನೀರು. "ಸಾರ್, ಆ ಬಾವಿ ನೀರೂ ತರಿಸಲಾ?" ಅಂದಳು. ಅವಳ ಮಾವ ಬಸ್ಸಿನಲ್ಲಿ ಕಳಿಸುತ್ತಾರಂತೆ.

ಆದರೆ ಅಷ್ಟರಲ್ಲಿ ಒಬ್ಬ ಹುಡುಗ ಕೈ ಎತ್ತಿದ. "ಸಾರ್, ನಾನು ಹುಟ್ಟಿದ್ದು ಇಲ್ಲೇ, ಒಂದು ದಿನ ಹೊರಗೆ ಹೋಗಿಲ್ಲ. ನನ್ನ ಹಲ್ಲು ನೋಡಿ" ಅಂದ. ಬೆಳ್ಳಗಿದೆ! ಕ್ಲಾಸೆಲ್ಲ ನನ್ನ ಮುಖ ನೋಡಿತು. ಇವನನ್ನು ಏನು ಮಾಡಲಿ ಮೇಡಂ?

ಹೆಡ್ ಮಾಸ್ಟರ್ ಒಪ್ಪಿದ್ದಾರೆ. ನೋಟ್‌ಬುಕ್ ಖರ್ಚು ನಾನೇ ಕೊಡುತ್ತೇನೆ ಅಂದರು. ಆದರೆ ಗ್ರಾಮಸಭೆಯಲ್ಲಿ ಹೇಳುವ ವಿಷಯಕ್ಕೆ ಅವರಿಗೂ ಅಳುಕು, ನನಗೂ ಅಳುಕು. ಒಬ್ಬ ರೈತರು ಆಗಲೇ ಕೇಳಿದರು, "ನನ್ನ ಬೋರಿಗೆ ಬೀಗ ಹಾಕಿಸ್ತೀರಾ ಮೇಷ್ಟ್ರೇ?" ಅಂತ.

ಮಧುಗಿರಿ ಕೆಮಿಸ್ಟ್ರಿ ಮೇಡಂ:

ಆ ಹುಡುಗನನ್ನು ಬಿಡಲೇಬೇಡಿ, ಪಟ್ಟಿಯಲ್ಲಿ ಮೊದಲು ಅವನನ್ನೇ ಬರೆಯಿರಿ. ನಮ್ಮ ಲೆಕ್ಕಕ್ಕೆ ಹೊಂದದವನು ಅಂತ ಅವನನ್ನು ಪಕ್ಕಕ್ಕಿಟ್ಟರೆ ಅಲ್ಲಿಗೆ ಸಂಶೋಧನೆ ಮುಗಿಯಿತು. ಅವನ ಮನೆಯ ನೀರು ಯಾವುದು ಅಂತ ನೋಡಿ. ಒಂದೇ ಊರಲ್ಲಿ ನೂರು ಮೀಟರ್ ದೂರದ ಎರಡು ಬೋರುಗಳಲ್ಲಿ ಫ್ಲೋರೈಡ್ ಬೇರೆ ಬೇರೆ ಇರಬಹುದು. ಮನೆಯಲ್ಲಿ ಹಸು ಇತ್ತೇ, ಚಿಕ್ಕಂದಿನಲ್ಲಿ ಹಾಲು ಕುಡಿಯುತ್ತಿದ್ದನೇ ಕೇಳಿ. ಕ್ಯಾಲ್ಸಿಯಂ ಚೆನ್ನಾಗಿ ಸಿಕ್ಕ ಮಕ್ಕಳಿಗೆ ಫ್ಲೋರೈಡ್ ಮೈಗೆ ಹತ್ತುವುದು ಕಡಿಮೆ. ಇಷ್ಟೆಲ್ಲ ಕೇಳಿದ ಮೇಲೂ ಕಾರಣ ಸಿಗದಿದ್ದರೆ "ಸಿಗಲಿಲ್ಲ" ಅಂತ ವರದಿಯಲ್ಲಿ ಬರೆಯಿರಿ. ಹಾಗೆಯೇ ಅಕ್ಕತಂಗಿಯ ಕಥೆ ಎಷ್ಟೇ ಚೆನ್ನಾಗಿ ಹೊಂದಿದರೂ ಇಬ್ಬರಿಂದ ಏನೂ ಸಾಬೀತಾಗುವುದಿಲ್ಲ. ಶಾಲೆಯ ಎಲ್ಲ ಮಕ್ಕಳನ್ನೂ ಕೇಳಿ. ಇದನ್ನು ಆ ಹುಡುಗಿಗೆ ಬಿಡಿಸಿ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ ಅವಳು. ತರೀಕೆರೆ ಬಾವಿಯ ನೀರು ಖಂಡಿತ ತರಿಸಿ.

ರೈತರಿಗೆ ಇವತ್ತೇ ಹೋಗಿ ಹೇಳಿ, ಬೀಗ ಹಾಕಿಸುವ ಮಾತೇ ಇಲ್ಲ ಅಂತ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಆ ನೀರಿನಿಂದ ತೊಂದರೆಯಿಲ್ಲ. ಕುಡಿಯಲು, ಅಡುಗೆಗೆ ಬೇಡ ಅಷ್ಟೇ. ವರದಿಯಲ್ಲಿ ಮಾಲೀಕರ ಹೆಸರು ಬೇಡ, ಬೋರಿಗೆ ಒಂದು ಸಂಖ್ಯೆ ಕೊಟ್ಟರೆ ಸಾಕು. ಫಲಿತಾಂಶ ಮೊದಲು ಹೋಗಬೇಕಾದದ್ದು ನೀರು ಕೊಟ್ಟವರ ಮನೆಗೆ, ಆಮೇಲೆ ಸಭೆಗೆ. ಶಿರಾದವರು ಮಾಡುವ ಮ್ಯಾಪನ್ನೂ ಇಂಟರ್ನೆಟ್ಟಿಗೆ ಹಾಕಬೇಡಿ, ಶಾಲೆಯ ಗೋಡೆಯ ಮೇಲಿರಲಿ.

ಗ್ರಾಮಸಭೆಯಲ್ಲಿ ಭಾಷಣ ಮಾಡಬೇಡಿ ಮೇಷ್ಟ್ರೇ. ಒಂದು ಮೇಜು, ಬಿಳಿ ಹಾಳೆ, ಕಿಟ್. ಮನೆಯಿಂದ ಒಂದೊಂದು ಲೋಟ ನೀರು ತನ್ನಿ ಅಂತ ಹಿಂದಿನ ದಿನ ಡಂಗುರ ಹಾಕಿಸಿ. ಮಕ್ಕಳು ಅವರ ಎದುರೇ ಹನಿ ಹಾಕಲಿ, ಬಣ್ಣವನ್ನು ಜನರೇ ಓದಲಿ. ಕಾಲೇಜು ದಿನಗಳಲ್ಲಿ ನಾನು ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಬುಧವಾರದ ಉಪನ್ಯಾಸ ಕೇಳಲು ಹೋಗುತ್ತಿದ್ದೆ. 1962ರಲ್ಲಿ ಎಚ್. ನರಸಿಂಹಯ್ಯನವರು ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂ ಅದು. ಅವರೂ ನಮ್ಮ ಸೀಮೆಯವರೇ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ, ನಮ್ಮೆದುರು ಮಾಡಿ ತೋರಿಸಿ ಅಂತ ಕೇಳಿದರು. ಬೇರೆಯವರನ್ನು ಹಾಗೆ ಕೇಳುವ ನಾವು, ನಮ್ಮ ವಿಜ್ಞಾನವನ್ನೂ ಜನರ ಎದುರೇ ಮಾಡಿ ತೋರಿಸಬೇಕು. "ವಿಜ್ಞಾನ ಹೇಳುತ್ತೆ, ನಂಬಿ" ಅಂದರೆ ನಂಬುವವರು ನಾಳೆ ಇನ್ನೊಬ್ಬರು ಹೇಳಿದ್ದನ್ನೂ ನಂಬುತ್ತಾರೆ.

ಅಳೆದ ಮೇಲೆ ಮುಂದೇನು ಅಂತ ಜನ ಕೇಳುತ್ತಾರೆ, ಅದಕ್ಕೆ ತಯಾರಾಗಿ ಹೋಗಿ. ಒಳ್ಳೆಯ ನೀರು ಸ್ವಲ್ಪವೇ ಇದ್ದರೆ ಅದು ಮೊದಲು ಎಂಟು ವರ್ಷದೊಳಗಿನ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ. ಅಡುಗೆಗೂ ಅದೇ ನೀರು. ಬಿಸಿಯೂಟಕ್ಕೆ ಯಾವ ನೀರು ಬಳಸುತ್ತಾರೆ ಅಂತ ನಿಮ್ಮ ಶಾಲೆಯಲ್ಲೇ ಮೊದಲು ನೋಡಿ. ಶುದ್ಧ ನೀರಿನ ಘಟಕದ ನಲ್ಲಿಯ ನೀರನ್ನೂ ಆಗಾಗ ಅಳೆಯಿರಿ, ಒಳಗೆ ನೀರು ಸೋಸುವ ಪೊರೆ (ಮೆಂಬ್ರೇನ್) ಹಳೆಯದಾದರೆ ಅದು ಫ್ಲೋರೈಡ್ ತಡೆಯುವುದು ಕಡಿಮೆಯಾಗುತ್ತದೆ. ಚಾವಣಿಯಿಂದ ಹಿಡಿದ ಮಳೆ ನೀರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದನ್ನೂ ಒಂದು ಲೋಟ ಇಟ್ಟು ಅಳೆದು ತೋರಿಸಿ. ಮಂಡಿ ನೋವು, ಸೊಂಟ ನೋವು ಇರುವವರು ಇದರಿಂದಲೇನಾ ಅಂತ ಕೇಳಿದರೆ ನೀವಾಗಲಿ ಮಕ್ಕಳಾಗಲಿ ಹೌದು ಅನ್ನಬೇಡಿ. ಅದು ಡಾಕ್ಟರ್ ನೋಡಿ ಹೇಳಬೇಕಾದ ಮಾತು.

ನಿಮ್ಮ ತಾಲ್ಲೂಕಿಗೆ ತುಂಗಭದ್ರೆ ನೀರಿನ ಯೋಜನೆ ಇದೆಯಲ್ಲ. ನಿಮ್ಮ ಮಕ್ಕಳ ಈ ನೋಟ್‌ಬುಕ್ ಜೋಪಾನವಾಗಿಡಿ. ನದಿ ನೀರು ಮನೆಗೆ ಬರುವ ಮೊದಲು ಎಷ್ಟಿತ್ತು, ಬಂದ ಮೇಲೆ ಎಷ್ಟಾಯಿತು ಅಂತ ಮುಂದಿನ ವರ್ಷದ ಎಂಟನೇ ಕ್ಲಾಸು ಅದರಲ್ಲೇ ಮುಂದುವರಿಸಿ ಬರೆಯಲಿ. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಅಳೆದರೆ ಇನ್ನೂ ಒಳ್ಳೆಯದು.

ಗೊತ್ತಿರುವ ಲೆಕ್ಕದ ನೀರು ನಾನು ಇಲ್ಲಿಯ ಕಾಲೇಜಿನ ಲ್ಯಾಬಿನಲ್ಲಿ ಮಾಡಿಸಿಡುತ್ತೇನೆ. ಈ ಶನಿವಾರ ಮಧ್ಯಾಹ್ನದ ಮೇಲೆ ಮಧುಗಿರಿಗೆ ಬರಲು ಆಗುತ್ತದೆಯೇ? ಒಂದು ಲೀಟರಿನ ಎರಡು ಪ್ಲಾಸ್ಟಿಕ್ ಬಾಟಲಿ ತನ್ನಿ, ಮುಚ್ಚಳ ಬಿಗಿಯಾಗಿರಲಿ. ಆಗುವುದಾದರೆ ಆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬನ್ನಿ, ಊಟ ನಮ್ಮ ಮನೆಯಲ್ಲೇ.